ಇಪ್ಪತ್ನಾಲ್ಕರಿಂದ ಗುಣಿಸು

ಗಾಜಿನ ಮೇಲೆ ಒಂದು ಬೇಳೆಯಷ್ಟು ಮಲ,
ಅದರ ಮೇಲೆ ಹಸಿರು ಹಾಳೆ.
ಕಾಯಬೇಕು. ಅರ್ಧ ಗಂಟೆಗೆ ಕದಡಿದ್ದು ತಿಳಿಯಾಗಿ
ಮೊಟ್ಟೆ ಕಾಣಿಸುತ್ತದೆ, ಪಕ್ಕೆಯಲ್ಲೊಂದು ಮುಳ್ಳು.
ಎಣಿಸು, ಇಪ್ಪತ್ನಾಲ್ಕರಿಂದ ಗುಣಿಸು, ಬರೆ.
ಉಕೆರೆವೆ ದ್ವೀಪದ ಈ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ನನಗಿರುವುದು ಇದೊಂದೇ ಮಗ್ಗಿ.

ಇವತ್ತಿನ ಬೆಂಕಿಪೊಟ್ಟಣ ಮಾಮಾ ಮಿಂಜಾಳದು.
ಡಾಗಾ ಮೀನು ಮಾರುವವಳು.
ಮರಳ ಮೇಲೆ ಒಣಗುವ ಬೆಳ್ಳಿಚೂರುಗಳನ್ನು
ಡಬ್ಬಿಯಲ್ಲಿ ಅಳೆದು ಸುರಿಯುವಾಗ
ಒಂದು ಹಿಡಿ ಹೆಚ್ಚೇ ಹಾಕುವವಳು.

ಅವಳ ಕರುಳಿನ ರಕ್ತನಾಳದಲ್ಲಿ ಒಂದು ಸಂಸಾರವಿದೆ.
ಗಂಡು ತನ್ನ ಮೈಯನ್ನೇ ಮಡಿಚಿ ದೋಣಿ ಮಾಡಿದ್ದಾನೆ,
ಹೆಣ್ಣು ಅದರೊಳಗೆ ಉದ್ದಕ್ಕೆ ಮಲಗಿದ್ದಾಳೆ.
ಹಾಗೇ ಇದ್ದುಬಿಟ್ಟಿದ್ದಾರೆ.
ಇವಳು ತಿಂದ ಉಗಾಲಿಯ ಸಕ್ಕರೆಗೆ ಮೊದಲ ಪಂಕ್ತಿ ಅವರದು.
ಕೆಂಪುಕಣ ನುಂಗಿ, ಅರಗದ್ದನ್ನು ಕಪ್ಪಗೆ ಉಗುಳುತ್ತಾರೆ.
ಅವಳದೇ ರಕ್ತದ ಗುರುತನ್ನು ಉಟ್ಟುಕೊಂಡು
ಕಾವಲಿನವರ ಮುಂದೆಯೇ ಓಡಾಡುತ್ತಾರೆ,
'ಮನೆಯವರೇ ನಾವು' ಎಂದು.

ದಿನಕ್ಕೆ ಮುನ್ನೂರು ಮೊಟ್ಟೆ.
ಅರ್ಧ ನನ್ನ ಗಾಜಿಗೆ ಬರುತ್ತವೆ.
ಉಳಿದರ್ಧ ಪ್ರವಾಹಕ್ಕೆ ಸಿಕ್ಕಿ ಯಕೃತ್ತಿಗೆ.
ಪಾಪ, ಅದಕ್ಕೆ ಬಂದವರನ್ನು ಹೊರಗೆ ಹಾಕಲು ಬರುವುದಿಲ್ಲ,
ಗೋಡೆ ಕಟ್ಟಲು ಮಾತ್ರ ಬರುತ್ತದೆ.
ಒಂದು ಮೊಟ್ಟೆ, ಒಂದು ಸುತ್ತುಗೋಡೆ. ನಾರಿನ ಮೇಲೆ ನಾರು.
ಕಟ್ಟುತ್ತ ಕಟ್ಟುತ್ತ
ಮನೆಯಲ್ಲಿ ಗೋಡೆಯೇ ಉಳಿದು ಕೋಣೆ ಇಲ್ಲವಾಯಿತು.

ರಕ್ತದಲ್ಲಿ ನೀರನ್ನು ಹಿಡಿದು ನಿಲ್ಲಿಸುವ ಪ್ರೋಟೀನು ಆಲ್ಬುಮಿನ್,
ಅದನ್ನು ಮಾಡುವ ಕೈಗಳೇ ಗೋಡೆಯೊಳಗೆ ಸೇರಿಹೋದವು.
ನೀರು ಸೋರಿತು. ಹೊಟ್ಟೆ ಏರಿತು.
ಐವತ್ತೆರಡಕ್ಕೆ ಬಸುರೇ ಎಂದು
ದೋಣಿಕಟ್ಟೆಯ ಹೆಂಗಸರು ನಕ್ಕರಂತೆ.
ಇವಳೂ ನಕ್ಕಳಂತೆ:
'ಯಾರದು ಅಂತ ಕೇಳ್ರೇ. ಸರೋವರದ್ದು.'

ಈಗ ಕರುಳಿನ ಅಮೋನಿಯಾ
ಯಕೃತ್ತನ್ನು ಬಳಸಿಕೊಂಡು ನೇರ ತಲೆಗೆ ಹೋಗುತ್ತದೆ.
ಕೆಲವು ಬೆಳಗು ಡಬ್ಬಿಯ ಬೆಲೆ ಮರೆಯುತ್ತಾಳೆ.
ಕೊಂಡವರು ಹೇಳಿದಷ್ಟು ಇಸಿದುಕೊಳ್ಳುತ್ತಾಳೆ.

ಅಳತೆಕೋಲಿಗೆ ಬೆನ್ನು ಕೊಟ್ಟು ನಿಲ್ಲಿಸಿದೆ.
ಇಲ್ಲಿ ತೂಕ ನೋಡುವುದಿಲ್ಲ, ಎತ್ತರಕ್ಕಿಷ್ಟು ಮಾತ್ರೆ.
ತೂಕ ನೋಡಿದ್ದರೆ ಆ ನೀರನ್ನೂ ಸೇರಿಸಿ ತೂಗಬೇಕಿತ್ತು.
ನಾಲ್ಕು ಮಾತ್ರೆ, ಹೆಬ್ಬೆರಳಿನ ಉಗುರಿಗಿಂತ ದೊಡ್ಡವು, ಬಹಳ ಕಹಿ.
ಇದು ಹೊಕ್ಕರೆ ಕ್ಯಾಲ್ಸಿಯಂ ನುಗ್ಗಿ ಹುಳುವಿನ ಮೈ ಸೆಟೆಯುತ್ತದೆ,
ಉಟ್ಟ ವೇಷ ಹರಿಯುತ್ತದೆ, ಕಾವಲಿನವರಿಗೆ ಕಣ್ಣು ಬರುತ್ತದೆ,
ಎಂದೆಲ್ಲ ನಾನು ಹೇಳುತ್ತಿದ್ದೆ.
ಗೋಡೆಯ ವಿಷಯ ಹೇಳಲಿಲ್ಲ.

'ಎಷ್ಟು ವರ್ಷದಿಂದ ಇವೆ?' ಎಂದಳು.
ಇಪ್ಪತ್ತು ಇದ್ದಾವು, ಎಂದೆ.
'ಒಟ್ಟಿಗೇ?'
ಒಟ್ಟಿಗೇ.

ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸುತ್ತ ಸುಮ್ಮನಿದ್ದಳು.
'ಮಡುಹು ನಾಲ್ಕು ವರ್ಷ ಇದ್ದ.
ಆಮೇಲೆ ಮುಸೋಮಾದ ಕಡೆ ಹೋದ, ಬಲೆಯನ್ನೂ ಒಯ್ದ.'
ಒಂದೊಂದಾಗಿ ನುಂಗಿದಳು.
ನೀರು ನಾನೇ ಕೊಟ್ಟೆ, ಕಾಯಿಸಿದ್ದು.

ಕಿಟಕಿಯಿಂದ ಕಾಣುತ್ತದೆ:
ಬೋಗುಣಿ ತಲೆಯ ಮೇಲೆ, ಇಳಿದು ಹೋಗುತ್ತಿದ್ದಾಳೆ.
ಬಸವನಹುಳುಗಳಿರುವ ಜೊಂಡಿನ ಪಕ್ಕ
ಮೊಣಕಾಲಿನ ತನಕ ನೀರಿಗಿಳಿದು ಮೀನು ತೊಳೆಯುತ್ತಾಳೆ.
ಬೇಡ ಎನ್ನುವುದಾದರೆ ಬೇರೆ ನೀರು ತೋರಿಸಬೇಕು.
ಹುಡುಗನಿದ್ದಾಗ ಅದೇ ಜಾಗದಲ್ಲಿ ನಾನು ಈಜು ಕಲಿತೆ.

ಕಪಾಟಿನ ಮೂಲೆಯಲ್ಲಿ
ನನ್ನ ಹೆಸರು ಬರೆದ ಬೆಂಕಿಪೊಟ್ಟಣವೂ ಒಂದಿದೆ.
ಮೂರು ವರ್ಷವಾಯಿತು, ಖಾಲಿ.
ಸೊನ್ನೆಯನ್ನು ಇಪ್ಪತ್ನಾಲ್ಕರಿಂದ ಗುಣಿಸಿ
ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.